ಸುಗ್ಗಿಯಿಂದ ಮುಂಗಾರಿನವರೆಗೆ: ಹೊಲದ ಹಕ್ಕಿಗಳಿಗೆ ಕಾಳು-ನೀರು ಒದಗಿಸುವ ಕ್ರಮ

ಹಿಂಗಾರಿ ಬಿಳಿಜೋಳದ ರಾಶಿ ಮುಗಿದು ಕಣಿಕೆ ಬಣವೆ ಸೇರಿದ ಮೇಲೆ ಎರೆ ಹೊಲದಲ್ಲಿ ಹಕ್ಕಿಗೆ ತಿನ್ನಲು ಹೆಚ್ಚೇನೂ ಉಳಿದಿರುವುದಿಲ್ಲ. ಹಿಂದೆ ಹಾಗಿರಲಿಲ್ಲ. ಊರ ಹೊರಗೆ ಕಣ ಇರುತ್ತಿತ್ತು, ವಾರಗಟ್ಟಲೆ ರಾಶಿ ನಡೆಯುತ್ತಿತ್ತು, ತೂರಿದ ಹೊಟ್ಟಿನಲ್ಲಿ ಸಣ್ಣ ಕಾಳು, ಕಳೆಬೀಜ ಬೆರೆತು ಬಿದ್ದಿರುತ್ತಿದ್ದವು. ಈಗ ಯಂತ್ರ ಬಂದು ಒಂದೇ ದಿನದಲ್ಲಿ ರಾಶಿ ಮಾಡಿ ಕಾಳನ್ನು ಚೀಲಕ್ಕೆ ತುಂಬಿಕೊಟ್ಟು ಹೋಗುತ್ತದೆ. ಮರುವಾರ ಟ್ರ್ಯಾಕ್ಟರ್ ನೇಗಿಲು ಕೂಳೆಯನ್ನು ಮಗುಚಿ ಹಾಕುತ್ತದೆ. ಜೋಳ, ಸಜ್ಜೆ, ನವಣೆ ಇದ್ದ ಎಷ್ಟೋ ಹೊಲಗಳಿಗೆ ಕಬ್ಬು, ಹತ್ತಿ, ಗೋವಿನಜೋಳ ಬಂದಿವೆ. ಗೋವಿನಜೋಳದ ಕಾಳು ಗುಬ್ಬಚ್ಚಿ, ರಾಟವಾಳಗಳ ಕೊಕ್ಕಿಗೆ ದೊಡ್ಡದು. ಹತ್ತಿ ಹೊಲದಲ್ಲಿ ಅವು ಹೆಕ್ಕುವಂಥ ಕಾಳೇ ಇಲ್ಲ.

ಏಪ್ರಿಲ್ ಬಿಸಿಲು ನೆತ್ತಿ ಸುಡುವಾಗ ನಮಗೆಲ್ಲ ಹಕ್ಕಿಗಳ ನೆನಪಾಗುತ್ತದೆ. ಮಾಳಿಗೆ ಮೇಲೆ ನೀರಿನ ಬಟ್ಟಲು, ಜೊತೆಗೆ ಒಂದು ಹಿಡಿ ಅಕ್ಕಿ ಇಡುತ್ತೇವೆ. ಒಳ್ಳೆಯದೇ. ಆದರೆ ಹೊಲದ ಹಕ್ಕಿಗಳ ಹಸಿವು ಅಷ್ಟರೊಳಗೆ ಎರಡು ತಿಂಗಳು ಹಳೆಯದಾಗಿರುತ್ತದೆ. ಅದು ಶುರುವಾಗುವುದು ಚಳಿ ಕಳೆಯುವ ಹೊತ್ತಿಗೆ, ಹೊಲ ಖಾಲಿಯಾದ ದಿನ. ಅದಕ್ಕೇ ನನ್ನ ಮಾತು ಇಷ್ಟು: ಕೊಡುವುದಿದ್ದರೆ ಹೊಲ ಖಾಲಿಯಾದ ದಿನದಿಂದ ಕೊಡಿ, ಹೊಲದಲ್ಲೇ ಕೊಡಿ, ಸ್ವಲ್ಪವೇ ಆದರೂ ಮಳೆ ಹಿಡಿಯುವವರೆಗೆ ತಪ್ಪದೆ ಕೊಡಿ.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಸರ್ಕಾರದ ಯೋಜನೆಯೇ ಇದೆ. ಡಿಸೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಹೊಲದಲ್ಲಿ ಕಾಳು ಚೆಲ್ಲುವ ರೈತರಿಗೆ ಹಣ ಕೊಡುತ್ತಾರೆ. ಅಲ್ಲೂ ಹಕ್ಕಿಗಳಿಗೆ ಕಠಿಣ ಕಾಲವೆಂದರೆ ಚಳಿಗಾಲದ ಕೊನೆಯೇ. ಕೂಳೆಯಲ್ಲಿ ಉದುರಿದ ಕಾಳೆಲ್ಲ ಆಗ ತೀರಿಹೋಗಿರುತ್ತದೆ. ನಮ್ಮ ರೈತರಿಗೂ ಈ ಕೆಲಸ ಹೊಸದಲ್ಲ. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಹೊಲದ ತುಂಬ ಚರಗ ಚೆಲ್ಲುತ್ತೇವೆ, ಮಲೆನಾಡಿನವರು ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಬೀರುತ್ತಾರೆ. ಭೂಮಿತಾಯಿಗೆಂದು ಚೆಲ್ಲಿದ್ದು ಕೊನೆಗೆ ಸೇರುವುದು ಹಕ್ಕಿ, ಇರುವೆಗಳ ಹೊಟ್ಟೆಗೇ. ವರ್ಷಕ್ಕೊಮ್ಮೆ ಮಾಡುವುದನ್ನು ನಾಲ್ಕು ತಿಂಗಳಿಗೆ ಹಿಗ್ಗಿಸುವ ದಾರಿ ಮುಂದಿದೆ.

ಚಳಿಗಾಲ: ಕಡಲೆ ಹೊಲದಿಂದ ಶುರು

ನವೆಂಬರಿನಿಂದ ಜನವರಿವರೆಗೆ ಹಕ್ಕಿಗಳಿಗೆ ಕಾಳಿನ ಬರವಿಲ್ಲ. ಜೋಳ ನಿಂತಿರುತ್ತದೆ, ಬದುವಿನ ಹುಲ್ಲು ಬೀಜ ಬಿಟ್ಟಿರುತ್ತದೆ. ಮಧ್ಯ ಏಷ್ಯಾ ಕಡೆಯಿಂದ ಬಂದ ಗುಲಾಬಿ ಕಬ್ಬಕ್ಕಿಗಳ ಹಿಂಡು ಹೊಲದಿಂದ ಹೊಲಕ್ಕೆ ಹಾರುತ್ತಿರುತ್ತದೆ. ಈ ಹೊತ್ತಿನಲ್ಲಿ ಕಾಳು ಚೆಲ್ಲಲೇಬೇಡಿ. ಹಾಲುಗಾಳು ತುಂಬುತ್ತಿರುವ ಜೋಳದ ಪಕ್ಕ ಹಕ್ಕಿಗಳನ್ನು ಕರೆದರೆ ತೆನೆಯೂ ಹೋಗುತ್ತದೆ, ನೆರೆಯವರ ಮನಸ್ಸೂ ಕೆಡುತ್ತದೆ. ಅವರು ಅಟ್ಟಣಿಗೆ ಹತ್ತಿ ಕವಣೆ ಬೀಸುತ್ತಿರುವಾಗ ನೀವು ಪಕ್ಕದಲ್ಲೇ ಕಾಳು ಹಾಕುವುದು ನ್ಯಾಯವಲ್ಲ.

ಆದರೆ ಕಡಲೆ ಹೊಲದ ಲೆಕ್ಕವೇ ಬೇರೆ. ಕಡಲೆಗೆ ಕಾಯಿಕೊರಕ ಬೀಳುವ ಹೊತ್ತಿಗೆ ಚುರುಮುರಿ ಚೆಲ್ಲಿ ಹಕ್ಕಿಗಳನ್ನು ಕರೆಯುವುದು ಉತ್ತರ ಕರ್ನಾಟಕದ ರೈತರಿಗೆ ಗೊತ್ತಿರುವ ಉಪಾಯ, ಕೃಷಿ ಇಲಾಖೆಯವರೂ ಹೇಳುತ್ತಾರೆ. ಚುರುಮುರಿ ಹೆಕ್ಕಲು ಬಂದ ಗೊರವಂಕಗಳು ಸಾಲಿನೊಳಗೆ ಇಳಿದ ಮೇಲೆ ಹುಳುವಿಗೇ ಬಾಯಿ ಹಾಕುತ್ತವೆ. ಉಪ್ಪು ಸೇರದ ಚುರುಮುರಿ ಎಕರೆಗೆ ಒಂದೆರಡು ಕಿಲೊ ಸಾಕು. ಬೆಳಿಗ್ಗೆ ಹೊತ್ತು ಮೂಡಿದ ಮೇಲೆ, ಇಬ್ಬನಿ ಆರಿದ ಸಾಲುಗಳಲ್ಲಿ ಅಲ್ಲಲ್ಲಿ ಹಿಡಿಯಷ್ಟು ಬೀರಿ.

ಜೊತೆಗೆ ಕೂರಲು ಕೋಲು ನೆಡಿ. ಎಕರೆಗೆ 20 ಕೋಲು, ಬೆಳೆಗಿಂತ ಒಂದೆರಡು ಅಡಿ ಎತ್ತರ, ತಲೆಗೆ ಅಡ್ಡ ಕಟ್ಟಿಗೆ. ಕವಲು ಟೊಂಗೆ ಸಿಕ್ಕರೆ ಅದೇ ಆಯಿತು. ಬೆಳಗಿನ ಬಿಸಿಲಲ್ಲಿ ಸ್ವಲ್ಪ ದೂರ ನಿಂತು ನೋಡಿ: ಕಾಜಾಣ ಅಡ್ಡಕಟ್ಟಿಗೆಯ ಮೇಲೆ ಬಾಲ ಇಳಿಬಿಟ್ಟು ಕೂತು ಸುಮ್ಮನೆ ಕತ್ತು ಹೊರಳಿಸುತ್ತಿರುತ್ತದೆ, ಒಮ್ಮೆಲೇ ಜಾರಿ ಗಿಡದ ತುದಿಗೆ ಬಂದು ಹಸಿರು ಹುಳುವನ್ನು ಕಿತ್ತು ಮತ್ತೆ ಅದೇ ಕೋಲಿಗೆ ಮರಳಿ, ಕಟ್ಟಿಗೆಗೆ ಬಡಿದು ನುಂಗುತ್ತದೆ. ನೀಲಕಂಠವೂ ಇದೇ ಕೋಲಿಗೆ ಬರುತ್ತದೆ. ರಾತ್ರಿ ಹಾಲಕ್ಕಿ ಕೂತರೆ ಇಲಿಯ ಕಾಟವೂ ತಗ್ಗುತ್ತದೆ.

ಒಂದು ಕಟ್ಟಳೆ ಮಾತ್ರ ಮೀರಬೇಡಿ. ಕೀಟನಾಶಕ ಹೊಡೆದ ಹೊಲಕ್ಕೆ ಆ ಹಂಗಾಮಿನಲ್ಲಿ ಹಕ್ಕಿಗಳನ್ನು ಕರೆಯುವುದು ಬೇಡ. ವಿಷ ತಗುಲಿ ಒದ್ದಾಡುವ ಹುಳು ಸುಲಭವಾಗಿ ಸಿಗುತ್ತದೆ, ಅದನ್ನೇ ಹಕ್ಕಿ ಮೊದಲು ಹಿಡಿಯುತ್ತದೆ. ಹಕ್ಕಿ ಬೇಕೆನ್ನುವವರು ಬೇವಿನ ಬೀಜದ ಕಷಾಯ, ಎನ್‌ಪಿವಿ ನಂಜಾಣು ದ್ರಾವಣಗಳಲ್ಲೇ ಹುಳು ಹತೋಟಿ ಮಾಡಿಕೊಳ್ಳಬೇಕು.

ಸುಗ್ಗಿ: ಹಕ್ಕಿಗಳಿಗೆ ಸಾಲು ಬಿಡುವುದು

ನೆಲದಲ್ಲಿ ನಿಂತ ತೆನೆಗಿಂತ ಒಳ್ಳೆಯ ಮೇವು ಹಕ್ಕಿಗೆ ಇನ್ನೊಂದಿಲ್ಲ. ಅದು ಕೊಳೆಯುವುದಿಲ್ಲ, ದಿನವೂ ಚೆಲ್ಲುವ ಕೆಲಸವಿಲ್ಲ, ಮರೆಯೂ ಸಿಗುತ್ತದೆ. ಕೊಯ್ಲಿನಲ್ಲಿ ಬೇಲಿ ಕಡೆಯ ಬದುವಿಗೆ ತಾಗಿ 4ರಿಂದ 6 ಸಾಲು ಜೋಳ ಅಥವಾ ಸಜ್ಜೆ ಹಾಗೆಯೇ ಬಿಡಿ. ಬೇಲಿಯಲ್ಲಿ ಕಾರೆ, ಕವಳಿ, ಬೋರೆಯಂಥ ಮುಳ್ಳುಪೊದೆ ಇರುವ ಬದಿಯನ್ನೇ ಆರಿಸಿ, ಗಿಡುಗ ಬಂದರೆ ಸಣ್ಣ ಹಕ್ಕಿಗಳು ಅದರೊಳಗೆ ನುಗ್ಗಿ ಬಚಾವಾಗುತ್ತವೆ.

ಎರಡೆಕರೆ ಇರುವವರಿಗೆ ಸಾಲು ಬಿಡುವುದು ಭಾರವೆನಿಸಬಹುದು. ಹಾಗಿದ್ದರೆ ಕೊಯ್ಯುವಾಗ ನೂರಿನ್ನೂರು ತೆನೆಗಳನ್ನು ಒಂದು ಗೇಣು ದಂಟಿನ ಸಮೇತ ತೆಗೆದಿಡಿ. 15-20 ತೆನೆ ಸೇರಿಸಿ ಗೊಂಚಲು ಕಟ್ಟಿ, ತಲೆಕೆಳಗಾಗಿ, ಆಳೆತ್ತರಕ್ಕಿಂತ ಮೇಲೆ ಬೇವಿನ ಟೊಂಗೆಗೋ ಕೊಟ್ಟಿಗೆಯ ಸೂರಿಗೋ ತೂಗುಹಾಕಿ. ಭತ್ತದ ನಾಡಿನಲ್ಲಿ ಭತ್ತದ ತೆನೆಯ ತೋರಣ ಇದೇ ಕೆಲಸ ಮಾಡುತ್ತದೆ. ಗೀಜಗ, ರಾಟವಾಳ, ಗುಬ್ಬಚ್ಚಿ ಗೊಂಚಲಿಗೆ ಜೋತುಬಿದ್ದು ತಿನ್ನುತ್ತವೆ. ಬೆಳವ, ಕೌಜುಗ, ಬುರ್ಲಿಗಳು ನೆಲದಲ್ಲೇ ಹೆಕ್ಕುವಂಥವು, ಅವಕ್ಕೆ ಗೊಂಚಲಿನಿಂದ ಉದುರಿದ್ದಷ್ಟೇ. ಅದಕ್ಕೇ ತೂಗುಹಾಕುವುದರ ಜೊತೆಗೆ ಚೆಲ್ಲುವುದೂ ಬೇಕು.

ಬಿಟ್ಟ ಸಾಲಿಗೆ ಸಂಬಂಧಿಸಿದ ಒಂದು ಎಚ್ಚರಿಕೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಜೋಳದ ಬುಡದಿಂದ ಎಳೆ ಚಿಗುರು ಒಡೆಯುತ್ತದೆ. ಆ ಚಿಗುರು ಮೇಯ್ದರೆ ದನಕ್ಕೆ ವಿಷವೇರುತ್ತದೆ, ಜೀವವೇ ಹೋಗಬಹುದು. ಚಿಗುರು ಕಂಡ ಕೂಡಲೇ ಬುಡ ಕಿತ್ತುಹಾಕಿ, ಇಲ್ಲವೇ ದನ ಸುಳಿಯದಂತೆ ಮುಳ್ಳು ಹಚ್ಚಿ.

ಬದುವಿಗೆ ಬೆಂಕಿ ಕೊಡುವ ರೂಢಿಯನ್ನೂ ಇಲ್ಲೇ ಬಿಡಬೇಕು. ಒಣಹುಲ್ಲಿನ ಬೀಜ ಮೂರು ತಿಂಗಳ ಪುಕ್ಕಟೆ ಮೇವು. ಅದನ್ನು ಸುಟ್ಟು ಅಂಗಡಿಯಿಂದ ನವಣೆ ತಂದು ಚೆಲ್ಲಿದರೆ ಏನು ಬಂತು?

ಕಾಳು ಹೊಂದಿಸುವುದು

ಎಲ್ಲಕ್ಕಿಂತ ಅಗ್ಗದ ಮೇವು ರಾಶಿಯ ಕೊನೆಯಲ್ಲಿ ಉಳಿಯುವ ಕಸಗಾಳು. ಯಂತ್ರದ ಜರಡಿಯಿಂದ ಬಿದ್ದ ಮುರುಕು ಕಾಳು, ಸಣ್ಣ ಕಾಳು, ಕಳೆಬೀಜಗಳನ್ನು ಹೊಟ್ಟಿನ ಜೊತೆ ಎಸೆಯದೆ ಎರಡು ಚೀಲ ತುಂಬಿಟ್ಟುಕೊಳ್ಳಿ. ಕಳೆಬೀಜವನ್ನು ಹೊಲಕ್ಕೆ ಮತ್ತೆ ಹಾಕಲು ಹಿಂಜರಿಯುವವರು ಅದನ್ನು ಬದುವಿನ ಪಕ್ಕದ ಗಟ್ಟಿ ನೆಲದಲ್ಲಷ್ಟೇ ಬಳಸಿ. ಇದು ಸಾಲದಿದ್ದರೆ ಹತ್ತು ಕಿಲೊ ಲೆಕ್ಕದಲ್ಲಿ ಹೀಗೆ ಬೆರೆಸಬಹುದು: ಜೋಳ 4 ಕಿಲೊ, ಸಜ್ಜೆ 3 ಕಿಲೊ, ನವಣೆ ಅಥವಾ ಸಾಮೆ 2 ಕಿಲೊ, ಗುರೆಳ್ಳು ಮತ್ತು ಕುಸುಬೆ ಸೇರಿ 1 ಕಿಲೊ. ರಾಗಿ ಬೆಳೆಯುವ ಕಡೆ ಜೋಳದ ಬದಲು ರಾಗಿಯನ್ನೇ ಹಾಕಿ. ನವಣೆ, ಸಾಮೆಗಳನ್ನು ಸಿಪ್ಪೆ ಸಮೇತ ಕೊಡಿ, ಸುಲಿಯುವುದು ಹಕ್ಕಿಗೆ ಬರುತ್ತದೆ. ಗೋವಿನಜೋಳ ಹಾಕುವುದಾದರೆ ನುಚ್ಚು ಮಾಡಿಯೇ ಹಾಕಬೇಕು.

ಎಷ್ಟು ಬೇಕು? ಗುಬ್ಬಚ್ಚಿಯಷ್ಟು ದೊಡ್ಡ ಹಕ್ಕಿ ದಿನಕ್ಕೆ ಹೆಚ್ಚುಕಡಿಮೆ 5-6 ಗ್ರಾಂ ಕಾಳು ತಿನ್ನುತ್ತದೆ. ನೂರು ಹಕ್ಕಿ ಬರುವ ಜಾಗಕ್ಕೆ ದಿನಕ್ಕೆ ಅರ್ಧ ಕಿಲೊ ಅಂದರೆ, ಮಾರ್ಚ್‌ನಿಂದ ಮೇ ಕೊನೆಯವರೆಗಿನ 92 ದಿನಕ್ಕೆ 46 ಕಿಲೊ ಆಯಿತು. ಅರ್ಧ ಕ್ವಿಂಟಲ್ ಒಳಗೇ ಮುಗಿಯುತ್ತದೆ. ನಿಮ್ಮ ಕೈಲಿ ಕೊನೆಯವರೆಗೆ ಎಷ್ಟಾಗುತ್ತದೋ ಅದನ್ನು ಮೊದಲೇ ಅಳೆದು ಬೇರೆ ಇಡಿ. ಮೊದಲ ತಿಂಗಳು ಕೊಳಗಗಟ್ಟಲೆ ಸುರಿದು ಮೇ ತಿಂಗಳಲ್ಲಿ ಕೈ ಎತ್ತುವುದು ತಪ್ಪು. ಆ ಜಾಗ ನಂಬಿ ಬರುವ ಹಕ್ಕಿಗಳು ಬಿಸಿಲು ಏರಿದ ಕಾಲದಲ್ಲೇ ಬರಿಗೈಯಲ್ಲಿ ತಿರುಗಬೇಕಾಗುತ್ತದೆ.

ಕೊಡಬಾರದ್ದು ಇನ್ನೂ ಮುಖ್ಯ. ಬಿತ್ತನೆಗೆಂದು ತಂದು ಉಳಿದ ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಬೀಜ ವಿಷ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಲೇಪಿಸಿದ ಕೆಲವೇ ಕಾಳು ಸಣ್ಣ ಹಕ್ಕಿಯ ಪ್ರಾಣ ತೆಗೆಯಬಹುದು. ಅದನ್ನು ತೊಳೆದು ಕೊಡುವ ಯೋಚನೆಯೂ ಬೇಡ. ಹುಳ ಹತ್ತದಂತೆ ಪುಡಿ ಬೆರೆಸಿಟ್ಟ ಕಾಳೂ ಅಷ್ಟೇ. ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ದನಕ್ಕೂ ಹಾಕಬೇಡಿ, ಹಕ್ಕಿಗೂ ಬೇಡ. ಉಪ್ಪು-ಖಾರದ ಚೂಡಾ, ಶೇವು, ಬಿಸ್ಕತ್ತು, ಬ್ರೆಡ್ಡು ಹೊಲಕ್ಕೆ ತರಲೇಬಾರದು. ಅನ್ನ ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಹಳಸುತ್ತದೆ. ನುಸಿ ಹಿಡಿದು ತೂತಾದ ಜೋಳ ಮಾತ್ರ ಧಾರಾಳವಾಗಿ ಕೊಡಬಹುದು, ಬೂಸ್ಟು ಇರದಿದ್ದರಾಯಿತು. ಕಾಳಿನೊಳಗಿನ ಹುಳುವೂ ಹಕ್ಕಿಗೆ ಆಹಾರವೇ.

ಚೆಲ್ಲುವ ಕ್ರಮ

ಮೊದಲು ಜಾಗ. ಪೊದೆ ಅಥವಾ ಬೇಲಿಯಿಂದ 4-5 ಮೀಟರ್ ದೂರದ ಬಯಲು ನೆಲ ಒಳ್ಳೆಯದು. ಪೊದೆಗೆ ತೀರಾ ಹತ್ತಿರವಾದರೆ ಬೆಕ್ಕು ಅಡಗಿ ಕೂರುತ್ತದೆ, ತೀರಾ ದೂರವಾದರೆ ಗಿಡುಗ ಎರಗಿದಾಗ ಓಡಿಹೋಗಲು ಮರೆಯಿಲ್ಲ. ವಿದ್ಯುತ್ ತಂತಿಯ ಕೆಳಗೆ, ರಸ್ತೆಯ ಪಕ್ಕ, ಮನೆಯ ನಾಯಿ ತಿರುಗುವಲ್ಲಿ ಬೇಡ. ಕೋಳಿ ಸಾಕಿದವರು ಕೋಳಿ ಶೆಡ್ಡಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಹೋಗಿ. ಕಾಡುಹಕ್ಕಿ, ಸಾಕುಕೋಳಿಗಳ ನಡುವೆ ರೋಗ ಎರಡೂ ಕಡೆಗೆ ಹರಡುತ್ತದೆ. ಇಲಿಪಾಷಾಣ ಇಟ್ಟ ಹೊಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಜಾಗ ಗೊತ್ತಾದ ಮೇಲೆ 20-30 ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲದ ಪಟ್ಟಿ ಗುರುತು ಮಾಡಿ ಕುಂಟೆಯಿಂದ ಮೇಲುಮಣ್ಣು ತುಸು ಸಡಿಲಿಸಿ. ಬಿತ್ತುವಾಗ ಬೀಜ ಬೀರುವಂತೆ ಕಾಳನ್ನು ಪಟ್ಟಿಯುದ್ದಕ್ಕೂ ತೆಳ್ಳಗೆ ಬೀರಿ. ಗುಡ್ಡೆ ಹಾಕಿದರೆ ಕಾಗೆ, ಪಾರಿವಾಳ, ನವಿಲು ಸೇರಿ ಹತ್ತು ನಿಮಿಷದಲ್ಲಿ ಖಾಲಿ ಮಾಡುತ್ತವೆ. ತೆಳ್ಳಗೆ ಬೀರಿದ ಸಣ್ಣಗಾಳು ಹೆಕ್ಕಲು ದೊಡ್ಡ ಹಕ್ಕಿಗೆ ತಾಳ್ಮೆ ಇರುವುದಿಲ್ಲ, ಸಣ್ಣ ಹಕ್ಕಿಗಳಿಗೆ ಹೊತ್ತು ಸಿಗುತ್ತದೆ. ಇದಕ್ಕೂ ಬಗ್ಗದಷ್ಟು ಪಾರಿವಾಳ ಬರುವ ಊರಾದರೆ ಪಟ್ಟಿಯ ಒಂದು ಭಾಗದ ಮೇಲೆ ಒಣ ಬೋರೆಮುಳ್ಳಿನ ಟೊಂಗೆಗಳನ್ನು ಸಡಿಲವಾಗಿ ಹರಡಿ. ಗುಬ್ಬಚ್ಚಿ, ರಾಟವಾಳ ಮುಳ್ಳಿನ ಸಂದಿಯಲ್ಲಿ ನುಸುಳುತ್ತವೆ, ದೊಡ್ಡವು ಹೊರಗೇ ಉಳಿಯುತ್ತವೆ.

ಹೊತ್ತು ಮೂಡಿದ ಕೂಡಲೇ ಚೆಲ್ಲಿ, ದಿನವೂ ಅದೇ ಹೊತ್ತಿಗೆ. ಸಂಜೆಗೆ ಕಾಳು ಉಳಿದಿದ್ದರೆ ಮರುದಿನ ಅಷ್ಟು ಕಡಿಮೆ ಮಾಡಿ. ಉಳಿದ ಕಾಳಿಗೆ ರಾತ್ರಿ ಹೆಗ್ಗಣ, ಕಾಡುಹಂದಿ ಬರುತ್ತವೆ. ಹಂದಿ ಒಮ್ಮೆ ರುಚಿ ಕಂಡರೆ ಪಕ್ಕದ ಹೊಲಕ್ಕೂ ನುಗ್ಗುತ್ತದೆ. ದಿನವೂ ಹೋಗಲಾಗದವರು ವಾರಕ್ಕೆ ಎರಡು ದಿನವಾದರೂ ನಿಗದಿ ಮಾಡಿಕೊಂಡು, ಪಟ್ಟಿಯನ್ನು ಉದ್ದ ಮಾಡಿ ಇನ್ನೂ ತೆಳ್ಳಗೆ ಬೀರಿ.

ಸಂಜೆ ಪಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣು ನೋಡಿದರೆ ಯಾರು ಉಂಡು ಹೋದರೆಂದು ತಿಳಿಯುತ್ತದೆ. ಗುಬ್ಬಚ್ಚಿ, ಗೀಜಗ, ರಾಟವಾಳಗಳು ಕಾಳನ್ನು ಕೊಕ್ಕಿನಂಚಿನಲ್ಲಿ ಹೊರಳಿಸಿ ಸಿಪ್ಪೆ ಸುಲಿದು ಉಗುಳುತ್ತವೆ. ಮಣ್ಣಿನ ಮೇಲೆ ನವಣೆಯ ಹೊಟ್ಟು ತೆಳುವಾಗಿ ಬಿದ್ದಿದ್ದರೆ ಮೇವು ಸಣ್ಣ ಹಕ್ಕಿಗಳಿಗೆ ಸಿಕ್ಕಿದೆ ಎಂದರ್ಥ. ಬೆಳವ, ಪಾರಿವಾಳಗಳು ಇಡೀ ಕಾಳು ನುಂಗುವುದರಿಂದ ಹೊಟ್ಟು ಉಳಿಯುವುದಿಲ್ಲ. ಕಾಳೂ ಇಲ್ಲ, ಹೊಟ್ಟೂ ಇಲ್ಲ ಅಂದರೆ ಮುಳ್ಳು ಹಚ್ಚುವ ಕಾಲ ಬಂದಿದೆ. ಮಣ್ಣು ಕೆದರಿದ ಗುರುತು, ಮೂರು ಬೆರಳಿನ ಹೆಜ್ಜೆ ಸಾಲು ಕಂಡರೆ ಕೌಜುಗ ಬಂದಿರಬಹುದು. ಇರುವೆಯ ಸಾಲು ಕಾಳು ಹೊತ್ತು ಸಾಗುತ್ತಿದ್ದರೆ ಜಾಗ ಬದಲಿಸಿ. ಹೇಗೂ ಎಂಟು-ಹತ್ತು ದಿನಕ್ಕೊಮ್ಮೆ ಪಟ್ಟಿಯನ್ನು ಒಂದಿಷ್ಟು ಆಚೆ ಸರಿಸಲೇಬೇಕು, ಇಲ್ಲವಾದರೆ ಹಿಕ್ಕೆ ಸೇರಿ ನೆಲ ಹೊಲಸಾಗುತ್ತದೆ.

ನೀರು, ಮತ್ತು ಕೃಷಿ ಹೊಂಡದ ಅಪಾಯ

ಕಾಳು ತಿನ್ನುವ ಹಕ್ಕಿಗೆ ಹುಳು ತಿನ್ನುವ ಹಕ್ಕಿಗಿಂತ ಹೆಚ್ಚು ನೀರು ಬೇಕು, ಒಣಕಾಳಿನಲ್ಲಿ ಪಸೆ ಇರುವುದಿಲ್ಲ. ಅಗಲವಾದ ಮಣ್ಣಿನ ತಟ್ಟೆ, ಒಳಮೈ ಒರಟಾಗಿರಲಿ, ನೀರು ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಚಪ್ಪಟೆ ಕಲ್ಲು. ಬೇವು, ಹೊಂಗೆಯ ನೆರಳಲ್ಲಿಡಿ. ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಬಿಸಿಲಿಗಿಟ್ಟ ನೀರು ಕುಡಿಯುವಂತಿರುವುದಿಲ್ಲ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಮತ್ತೆ ತುಂಬಿದರೆ ಸೊಳ್ಳೆಯೂ ಆಗುವುದಿಲ್ಲ. ಡ್ರಿಪ್ ಇರುವವರಿಗೆ ಇನ್ನೂ ಸುಲಭ: ಲೈನಿನ ಕೊನೆಯ ಒಂದು ಡ್ರಿಪ್ಪರ್ ತಟ್ಟೆಗೆ ಬೀಳುವಂತೆ ಮಾಡಿದರೆ ನೀರು ಬಿಟ್ಟಾಗಲೆಲ್ಲ ತಟ್ಟೆ ತಾನೇ ತುಂಬುತ್ತದೆ.

ದನದ ನೀರಿನ ತೊಟ್ಟಿಗೆ ಒಂದು ಹಲಗೆ ತುಂಡು ತೇಲಿಬಿಡಿ. ಬಿದ್ದ ಹಕ್ಕಿ ಅದನ್ನು ಹತ್ತಿ ಬದುಕುತ್ತದೆ.

ಕೃಷಿ ಹೊಂಡದ ಬಗ್ಗೆ ಒತ್ತಿ ಹೇಳಬೇಕಾಗಿದೆ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಬೇಸಾಯದ ಊರೂರಲ್ಲೂ ಹೊಂಡಗಳಾದವು, ಬೆಳೆಗೆ ದೊಡ್ಡ ಆಸರೆಯಾದವು. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಇಳಿಜಾರಿನಲ್ಲಿ ಹಕ್ಕಿಯ ಉಗುರಿಗೆ ಹಿಡಿತ ಸಿಗುವುದಿಲ್ಲ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಕುಡಿಯಲು ಬಂದ ಹಕ್ಕಿ, ಅಳಿಲು, ಮುಂಗುಸಿ ಜಾರಿ ಬಿದ್ದು ಮೇಲೆ ಬರಲಾರದೆ ಸಾಯುತ್ತವೆ. ಸುತ್ತ ತಂತಿಬೇಲಿ ಇದ್ದರೂ ಹಕ್ಕಿಗೆ ಅದು ತಡೆಯಲ್ಲ. ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಹಳೆಯ ಗೋಣಿಚೀಲಗಳನ್ನು ಉದ್ದಕ್ಕೆ ಹೊಲಿದು, ಮೊಳಕ್ಕೊಂದರಂತೆ ದಪ್ಪ ಹಗ್ಗದ ಗಂಟು ಹಾಕಿ, ದಡದ ಗೂಟಕ್ಕೆ ಬಿಗಿದು ನೀರಿನ ತಳದವರೆಗೆ ಇಳಿಬಿಡಿ. ಎದುರುಬದುರು ಎರಡು ಕಡೆ ಕಡ್ಡಾಯ, ನಾಲ್ಕೂ ಮೂಲೆಗೆ ಹಾಕಿದರೆ ಇನ್ನೂ ಒಳ್ಳೆಯದು. ಗೋಣಿ ಕೊಳೆತರೆ ವರ್ಷಕ್ಕೊಮ್ಮೆ ಬದಲಿಸಿ. ಕಾಲುಜಾರಿದ ಮಗುವಿನ ಕೈಗೂ ಆ ಹಗ್ಗ ಸಿಗುತ್ತದೆ.

ರೋಗ ಕಂಡರೆ

ಒಂದೇ ಕಡೆ ಹಕ್ಕಿ ಸೇರಿಸಿದರೆ ರೋಗವೂ ಸೇರಬಹುದು. ಬ್ರಿಟನ್ನಿನಲ್ಲಿ 2005ರ ಸುಮಾರಿಗೆ ಕಾಣಿಸಿಕೊಂಡ ಟ್ರೈಕೊಮೊನೋಸಿಸ್ ಎಂಬ ಗಂಟಲು ರೋಗ ಮೇವಿನ ತಾಣ, ನೀರಿನ ತಟ್ಟೆಗಳ ಮೂಲಕವೂ ಹರಡಿ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆಯನ್ನೇ ಇಳಿಸಿತು. ಗರಿ ಉಬ್ಬಿಸಿಕೊಂಡು ಹತ್ತಿರ ಹೋದರೂ ಹಾರದ, ಕೊಕ್ಕಿನ ಸುತ್ತ ಒದ್ದೆಯಾದ, ನುಂಗಲು ಕಷ್ಟಪಡುವ ಹಕ್ಕಿ ಕಂಡರೆ ಅಂದಿನಿಂದಲೇ ಮೇವು ನಿಲ್ಲಿಸಿ, ತಟ್ಟೆಗಳನ್ನು ತೊಳೆದು ಬಿಸಿಲಲ್ಲಿ ಒಣಗಿಸಿ, ಎರಡು ವಾರವಾದರೂ ಬಿಟ್ಟು ಬೇರೆ ಜಾಗದಲ್ಲಿ ಶುರು ಮಾಡಿ. ಮಳೆ ಬಿದ್ದ ಹೊಸದರಲ್ಲೂ ಮೊಳಕೆಯೊಡೆದ, ಬೂಸ್ಟು ಬಂದ ಕಾಳನ್ನು ಮಣ್ಣಿಗೆ ಮುಚ್ಚಿಬಿಡಬೇಕು. ಒಂದೇ ಸಲ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ಬಲೆ ಹಾಕುವವರ ಕಣ್ಣು

ಕೌಜುಗ, ಬುರ್ಲಿಗಳಿಗೆ ಉರುಲು ಹಾಕುವವರು ಇನ್ನೂ ಇದ್ದಾರೆ. ಹಕ್ಕಿ ದಿನವೂ ಒಂದೇ ಹೊತ್ತಿಗೆ ಇಳಿಯುವ ಜಾಗ ಅವರಿಗೆ ಗೊತ್ತಾದರೆ ನೀವು ಅನ್ನವಿಟ್ಟಲ್ಲೇ ಅವು ಕೊರಳು ಸಿಕ್ಕಿಸಿಕೊಳ್ಳುತ್ತವೆ. ಪಟ್ಟಿಯನ್ನು ದಾರಿಯಿಂದ ಕಾಣದ ಕಡೆ ಇಡಿ, ಆಗಾಗ ಸರಿಸಿ, ಫೋಟೊ ಹಾಕುವಾಗ ಹೊಲದ ಗುರುತು ಬಿಟ್ಟುಕೊಡಬೇಡಿ. ಬೇಲಿಯ ಕಂಡಿಗಳಲ್ಲಿ ಕುದುರೆ ಬಾಲದ ಕೂದಲು, ನೈಲಾನ್ ದಾರದ ಕುಣಿಕೆ ಇದೆಯೇ ಎಂದು ವಾರಕ್ಕೊಮ್ಮೆ ಸುತ್ತಿ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೀಗೆ ಉರುಲು ಹಾಕುವುದು ಅಪರಾಧ, ವಲಯ ಅರಣ್ಯಾಧಿಕಾರಿ ಕಚೇರಿಗೆ ದೂರು ಕೊಡಬಹುದು.

ಮಾಗಿ ಉಳುಮೆಗೂ ಒಂದು ಮಾತು. ಟಿಟ್ಟಿಭ, ನೆಲಗುಬ್ಬಿಗಳು ಬೇಸಿಗೆಯಲ್ಲಿ ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಟ್ರ್ಯಾಕ್ಟರ್ ಮುಂದೆ ಟಿಟ್ಟಿಭ ಕಿರುಚುತ್ತ ಸುತ್ತಿದರೆ ಇಳಿದು ಹುಡುಕಿ, ಮೊಟ್ಟೆ ಇರುವಲ್ಲಿ ನಾಲ್ಕು ಕಡ್ಡಿ ನೆಟ್ಟು ಒಂದು ಮಾರು ನೆಲ ಬಿಟ್ಟು ಉಳುಮೆ ಮಾಡಿ.

ಮಳೆ ಹಿಡಿದ ಮೇಲೆ

ಮುಂಗಾರು ಬಿದ್ದು ಹುಳುಹುಪ್ಪಟೆ ಏಳುತ್ತಿದ್ದಂತೆ ಹಕ್ಕಿಗಳು ತಾವೇ ಚದುರುತ್ತವೆ. ಕಾಳು ತಿನ್ನುವ ಗುಬ್ಬಚ್ಚಿ, ಗೀಜಗಗಳೂ ಮರಿಗಳಿಗೆ ಗುಟುಕು ಕೊಡುವುದು ಹುಳುವನ್ನೇ. ಮೇವನ್ನು ಎರಡು ವಾರದಲ್ಲಿ ಅರ್ಧಕ್ಕೆ, ಕಾಲಿಗೆ ಇಳಿಸುತ್ತ ನಿಲ್ಲಿಸಿ. ಬಿತ್ತನೆ ಶುರುವಾಗುವ ಮೊದಲು ಪೂರ್ತಿ ನಿಲ್ಲಿಸಿರಬೇಕು, ಏಕೆಂದರೆ ಆಗ ಹೊಲದ ಮೇಲೆ ಬಿದ್ದಿರುವುದು ಬಣ್ಣ ಹಚ್ಚಿದ ಬೀಜ. ಬಿತ್ತುವಾಗ ಚೆಲ್ಲಿದ ಅಂಥ ಬೀಜ ಸಾಲಿನ ತುದಿಗಳಲ್ಲಿ, ಕೂರಿಗೆ ತಿರುಗಿಸುವಲ್ಲಿ ಕಂಡರೆ ಮಣ್ಣು ಮುಚ್ಚಿ.

ಅದೇ ಹೊತ್ತಿಗೆ ಬೇಲಿ ಬದಿಗೆ ಎರಡು ಸಾಲು ಸಜ್ಜೆ, ಎರಡು ಸಾಲು ನವಣೆಯನ್ನು ಯಾವ ಔಷಧವೂ ಹಚ್ಚದೆ ಬಿತ್ತಿ. ಮುಂದಿನ ಸುಗ್ಗಿಗೆ ಬೇಕಾದ ತೆನೆಗೊಂಚಲು ಅಲ್ಲಿಂದಲೇ ಸಿಗುತ್ತದೆ.